ಮೊಲ ಗಬಗಬ ತಿಂತಿದೆಯಾ? ಮೊದಲು ಹುಲ್ಲಿನ ಬುಟ್ಟಿ ನೋಡಿ

ಫೀಡ್ ಡಬ್ಬಿಯ ಸದ್ದು ಕೇಳಿದ್ರೆ ಸಾಕು, ಮೊಲ ಗೂಡಿನ ಬಾಗಿಲಿಗೇ ಬಂದು ನಿಂತುಬಿಡುತ್ತೆ. ಒಂದು ಹಿಡಿ ಗುಳಿಗೆ ಹಾಕಿ ನಾವು ಆ ಕಡೆ ತಿರುಗೋದ್ರೊಳಗೆ ಬಟ್ಟಲು ಖಾಲಿ. ‘ಅಣ್ಣಾ, ನೋಡಿ ಎಷ್ಟು ಚೆನ್ನಾಗಿ ತಿನ್ನುತ್ತೆ’ ಅಂತ ಇಂಥ ವಿಡಿಯೊಗಳನ್ನ ನನಗೆ ಕಳಿಸೋರು ಆಗಾಗ ಇರ್ತಾರೆ. ನೋಡೋಕೆ ಮುದ್ದಾಗಿರುತ್ತೆ ನಿಜ. ಆದ್ರೆ ನನಗೆ ಖುಷಿಗಿಂತ ಆತಂಕವೇ ಜಾಸ್ತಿ ಆಗೋದು.

ಕಾರಣ ಇಷ್ಟೇ. ನಾಯಿಗೆ ಏನಾದ್ರೂ ಹೊಟ್ಟೆಗೆ ಒಗ್ಗದಿದ್ರೆ ಕಕ್ಕಿ ಹಗುರಾಗುತ್ತೆ. ಮೊಲಕ್ಕೆ ವಾಂತಿ ಮಾಡೋಕೆ ಬರಲ್ಲ. ಜೊತೆಗೆ ಅದು ಉಸಿರಾಡೋದು ಮೂಗಿನಿಂದ. ಬಾಯಿ ತೆರೆದು ಉಸಿರೆಳೀತಿದೆ ಅಂದ್ರೆ ಪರಿಸ್ಥಿತಿ ಕೈಮೀರ್ತಿದೆ ಅಂತ ಅರ್ಥ. ಅಗಿಯದೆ ನುಂಗಿದ ಒಣ ಗುಳಿಗೆ ಗಂಟಲಲ್ಲಿ ನಿಂತು, ಎಂಜಲಿಗೆ ನೆನೆದು ಉಬ್ಬಿಕೊಂಡ್ರೆ ನಮ್ಮ ಕೈಯಲ್ಲಿ ಉಳಿಯೋದು ಕೆಲವೇ ನಿಮಿಷ. ಹಳ್ಳಿಯಿಂದ ಪಶು ಆಸ್ಪತ್ರೆಗೆ ಎಷ್ಟು ಹೊತ್ತು ಬೇಕು ಅನ್ನೋದನ್ನ ನೀವೇ ಲೆಕ್ಕ ಹಾಕಿ.

ನಮ್ಮ ತೋಟದಲ್ಲಿ ನಾಲ್ಕು ಮೊಲ ಇವೆ. ಅಣ್ಣನ ಮಗಳ ಪಾಲಿಗೆ ಅವು ಸಾಕುಪ್ರಾಣಿ, ನನಗೆ ಎರೆಹುಳು ಗೊಬ್ಬರದ ತೊಟ್ಟಿಗೆ ಹಿಕ್ಕೆ ಕೊಡೋ ಜೊತೆಗಾರರು. ತೋಟಗಾರಿಕೆ ಪದವಿಯಲ್ಲಿ ಮೊಲದ ಬಗ್ಗೆ ಒಂದು ಪಾಠವೂ ಇರಲಿಲ್ಲ. ಮೇವು ಬೆಳೆಯೋದು ಗೊತ್ತಿತ್ತು, ಉಳಿದದ್ದನ್ನ ನಮ್ಮ ಪಶು ವೈದ್ಯರನ್ನ ಕೇಳಿ ಕೇಳಿ ಕಲಿತೆ.

ಗಬಗಬ ತಿನ್ನೋದು ಮೊಲದ ಹುಟ್ಟುಗುಣ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಹುಟ್ಟುಗುಣ ಇದಕ್ಕೆ ಪೂರ್ತಿ ಉಲ್ಟಾ. ಸ್ವಲ್ಪ ಸ್ವಲ್ಪವಾಗಿ, ಬೆಳಗಿನ ಜಾವ ಮತ್ತು ಸಂಜೆ ಹೆಚ್ಚಾಗಿ, ಮೇಯ್ತಾನೇ ಇರೋ ಪ್ರಾಣಿ ಅದು. ಅದರ ಮುಂಬಲ್ಲು ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತೆ, ದವಡೆ ಹಲ್ಲುಗಳೂ ಬೆಳೀತಾ ಹೋಗುತ್ತವೆ. ಉದ್ದ ಹುಲ್ಲನ್ನ ದವಡೆ ಆಚೆ ಈಚೆ ಆಡಿಸಿ ಅರೆದರೇನೇ ಅವು ಸವೆಯೋದು. ಕರುಳು ಓಡೋದೂ ಆ ಹುಲ್ಲಿನ ನಾರಿನಿಂದಲೇ. ಈಗ ನಾವೇನ್ ಮಾಡ್ತೀವಿ? ಬೆಳಿಗ್ಗೆ ಒಂದು ಕಂತೆ ಹುಲ್ಲು ಹಾಕಿ ಹೊಲಕ್ಕೆ ಹೋಗ್ತೀವಿ. ಹತ್ತು ಗಂಟೆಗೆ ಅದು ಮುಗೀತು. ಸಂಜೆ ಆರಕ್ಕೆ ಬಂದು ಗುಳಿಗೆ ಸುರೀತೀವಿ. ಎಂಟು ಗಂಟೆ ಖಾಲಿ ಕೂತ ಪ್ರಾಣಿಗೆ ಆ ಬಟ್ಟಲು ಮದುವೆ ಮನೆಯ ಮೊದಲ ಪಂಕ್ತಿ ಇದ್ದ ಹಾಗೆ, ನುಗ್ಗದೆ ಇರುತ್ತಾ?

ಹಾಗಾಗಿ ಮೊದಲ ಕೆಲಸ, ಹಗಲು ರಾತ್ರಿ ಹುಲ್ಲು ಖಾಲಿ ಆಗದ ಹಾಗೆ ನೋಡ್ಕೊಳ್ಳೋದು. ಗರಿಕೆ, ಗಿನಿ ಹುಲ್ಲು, ರೋಡ್ಸ್ ಹುಲ್ಲು, ಎಳೆಯ ಸೀಮೆಹುಲ್ಲು ಎಲ್ಲವೂ ಆಗುತ್ತೆ. ಹಸಿಯಾಗಿ ಕೊಡೋದಷ್ಟೇ ಅಲ್ಲ, ನೆರಳಲ್ಲಿ ಒಣಗಿಸಿ ಇಟ್ಕೊಂಡ್ರೆ ನೀವು ಮನೇಲಿ ಇಲ್ಲದ ಹೊತ್ತಿಗೂ ಸಾಕಾಗುತ್ತೆ. ಕತ್ತರಿಸಿ ರಾಶಿ ಹಾಕಿ ಬಿಸಿಯಾದ ಹಸಿ ಹುಲ್ಲು ಬೇಡ, ಹೊಟ್ಟೆ ಉಬ್ಬುತ್ತೆ. ಬೂಸ್ಟು ಹಿಡಿದ ಕಡಲೆಕಾಯಿ ಬಳ್ಳಿಯಂತೂ ಹತ್ತಿರಕ್ಕೂ ತರಬೇಡಿ. ಬರೀ ರಾಗಿ ಹುಲ್ಲಿನ ಮೇಲೆ ಸಾಕೋಕೆ ಆಗಲ್ಲ, ಅದು ಕಡಿಯೋಕೆ ಅಷ್ಟೇ. ಕುದುರೆ ಮಸಾಲೆ ಸೊಪ್ಪಲ್ಲಿ ಕ್ಯಾಲ್ಸಿಯಂ ಜಾಸ್ತಿ. ಬೆಳೆಯೋ ಮರಿಗೆ ಒಳ್ಳೇದು, ದೊಡ್ಡ ಮೊಲಕ್ಕೆ ಅಪರೂಪಕ್ಕೆ ಸಾಕು. ರೇಷ್ಮೆ ಮಾಡೋರ ಮನೇಲಿ ಹಿಪ್ಪುನೇರಳೆ ಸೊಪ್ಪು ಇದ್ದೇ ಇರುತ್ತೆ, ಮೊಲಕ್ಕೆ ಅದು ಇಷ್ಟ. ಹುಳಕ್ಕೆ ಔಷಧಿ ಹೊಡೆದ ಸೊಪ್ಪು ಹಾಕದೆ ಎಷ್ಟು ದಿನ ಕಾಯ್ತೀರೋ, ಮೊಲಕ್ಕೂ ಅಷ್ಟೇ ಕಾಯಿರಿ.

ಹುಲ್ಲು ಸರಿಯಾದ ಮೇಲೆ ಗುಳಿಗೆಯ ಲೆಕ್ಕ. ಮನೇಲಿ ಸಾಕಿದ ದೊಡ್ಡ ಮೊಲಕ್ಕೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 20ರಿಂದ 25 ಗ್ರಾಂ ಗುಳಿಗೆ ಸಾಕು. ಎರಡು ಕಿಲೋ ಮೊಲ ಅಂದ್ರೆ ಹೆಚ್ಚಂದ್ರೆ 50 ಗ್ರಾಂ. ಮೊಲದ ಫಾರಂ ನಡೆಸೋರು ಇದಕ್ಕಿಂತ ಹೆಚ್ಚು ಹೇಳ್ತಾರೆ. ಅದು ಮಾಂಸಕ್ಕೆ ಬೇಗ ತೂಕ ಬರಿಸೋ ಲೆಕ್ಕ, ಅದನ್ನ ಮನೆ ಮೊಲಕ್ಕೆ ತರಬೇಡಿ. ಈಗ ಜಾಸ್ತಿ ಹಾಕ್ತಿದ್ರೆ ಒಂದೇ ದಿನಕ್ಕೆ ಕಡಿಮೆ ಮಾಡ್ಬೇಡಿ, ವಾರ ಹತ್ತು ದಿನ ತಗೊಂಡು ಇಳಿಸಿ.

ಇನ್ನು ಬಟ್ಟಲನ್ನ ಮರೆತುಬಿಡಿ. ಆಳವಾದ ಬಟ್ಟಲಲ್ಲಿ ಗುಳಿಗೆ ರಾಶಿಯಾಗಿ ಸಿಗುತ್ತೆ, ಬಾಯಿ ತುಂಬ ತುಂಬ್ಕೊಳ್ಳುತ್ತೆ. ನನ್ನ ಪ್ರಕಾರ ಮನೆಯ ಬಿದಿರು ಮೊರಕ್ಕಿಂತ ಒಳ್ಳೆ ಸಾಧನ ಇಲ್ಲ. ಮೊರದ ತುಂಬ ಒಣಹುಲ್ಲು ಹರಡಿ, ಅದರ ಮೇಲೆ ಗುಳಿಗೆಯನ್ನ ಬಿತ್ತನೆ ಬೀಜದ ಹಾಗೆ ಚೆಲ್ಲಿ, ಕೈಯಾಡಿಸಿಬಿಡಿ. ಒಂದೊಂದೇ ಗುಳಿಗೆ ಹುಡುಕಿ ತಿನ್ನಬೇಕು, ನಡುವೆ ಹುಲ್ಲೂ ಬಾಯಿಗೆ ಹೋಗುತ್ತೆ. ಎರಡು ನಿಮಿಷಕ್ಕೆ ಮುಗೀತಿದ್ದ ಊಟ ನಮ್ಮಲ್ಲಿ ಈಗ ಅರ್ಧ ಗಂಟೆ ಹಿಡಿಯುತ್ತೆ. ಮೊರದ ಅಂಚು ಕಡಿದ್ರೂ ಚಿಂತೆಯಿಲ್ಲ. ಪ್ಲಾಸ್ಟಿಕ್ ಮೊರ, ಬಣ್ಣ ಅಥವಾ ವಾರ್ನಿಷ್ ಹೊಡೆದ ಮೊರ ಮಾತ್ರ ಬೇಡ. ಗೋಣಿಚೀಲದ ಮೇಲೂ ಚೆಲ್ಲಬೇಡಿ, ಸೆಣಬಿನ ಎಳೆ ಹೊಟ್ಟೆಗೆ ಹೋಗಿ ಸುತ್ತಿಕೊಳ್ಳುತ್ತೆ.

ಮೊರ ಇಲ್ವಾ? ಅಗಲ ತಟ್ಟೆಯಲ್ಲಿ ನಿಂಬೆಹಣ್ಣಿಗಿಂತ ದೊಡ್ಡದಾದ ನುಣುಪು ಕಲ್ಲು ನಾಲ್ಕೈದು ಇಟ್ಟು ಸಂದಿಯಲ್ಲಿ ಗುಳಿಗೆ ಹಾಕಿ. ಕಾಗದದ ರಟ್ಟಿನ ಕೊಳವೆಗೆ ಹುಲ್ಲು ತುರುಕಿ ಒಳಗೆ ಹತ್ತು ಗುಳಿಗೆ ಸೇರಿಸಿದ್ರೂ ನಡೆಯುತ್ತೆ, ಟೇಪು, ಪಿನ್ನು ತೆಗೆದಿರಬೇಕು. ದಿನದ ಪಾಲನ್ನ ಮೂರು ನಾಲ್ಕು ಸಲ ಹಂಚಿ ಹಾಕಿ. ಗುಳಿಗೆ ಪುಡಿಪುಡಿಯಾಗಿದ್ರೆ ಜರಡಿ ಹಿಡಿದು ಧೂಳು ತೆಗೀರಿ. ಒಂದು ಸಲ ಗಂಟಲಿಗೆ ಸಿಕ್ಕಿಸಿಕೊಂಡ ಮೊಲ ಆದ್ರೆ ನೀರಲ್ಲಿ ನೆನೆಸಿ ಮೆತ್ತಗೆ ಮಾಡೇ ಕೊಡಿ, ಉಳಿದದ್ದನ್ನ ಹುಳಿ ಬರೋದ್ರೊಳಗೆ ಎಸೀರಿ. ಕುಡಿಯೋ ನೀರು ಅಗಲ ಮಣ್ಣಿನ ಪಾತ್ರೆಯಲ್ಲಿ ಯಾವಾಗ್ಲೂ ಇರಲಿ.

ಎರಡು ಮೂರು ಮೊಲ ಒಟ್ಟಿಗೆ ಇದ್ರೆ ಪೈಪೋಟಿಯೇ ದೊಡ್ಡ ಕಾರಣ. ಮೊಲ ಎಷ್ಟಿವೆಯೋ ಅದಕ್ಕಿಂತ ಒಂದು ಜಾಸ್ತಿ ಕಡೆ ಹಾಕಿ, ಒಂದರ ಮುಖ ಇನ್ನೊಂದಕ್ಕೆ ಕಾಣದಷ್ಟು ದೂರ. ಮಕ್ಕಳು ಕೈಯಿಂದ ಕ್ಯಾರೆಟ್ ಕೊಡೋದಾದ್ರೆ ಗುಂಡನೆ ಚೂರು ಬೇಡ, ತೆಳ್ಳಗೆ ಉದ್ದಕ್ಕೆ ಸೀಳಿ, ಅದೂ ಬೆರಳಷ್ಟು.

ಒಂದು ವಿಷಯಕ್ಕೆ ಗಾಬರಿ ಬೇಡ. ಬೆಳಗಿನ ಜಾವ ಮೊಲ ತನ್ನದೇ ಮೆತ್ತನೆ ಹಿಕ್ಕೆಯನ್ನ ಬಾಯಿ ಹಾಕಿ ತಿನ್ನುತ್ತೆ. ಅದು ಹಸಿವಲ್ಲ, ಎರಡನೇ ಸಲ ಜೀರ್ಣ ಮಾಡ್ಕೊಳ್ಳೋ ಕ್ರಮ. ಗಾಬರಿ ಪಡಬೇಕಾದ್ದು ಬೇರೆ: ನಿಧಾನವಾಗಿ ತಿಂತಿದ್ದ ಮೊಲ ಇದ್ದಕ್ಕಿದ್ದಂತೆ ಅಗಿಯದೆ ನುಂಗ್ತಿದ್ರೆ, ಬಾಯಿಂದ ಬೀಳಿಸ್ತಿದ್ರೆ, ಗದ್ದ ಒದ್ದೆಯಾಗಿದ್ರೆ ಹಲ್ಲು ನೋವಿರಬಹುದು. ಆಗ ಮೊರ, ಕಲ್ಲು ಯಾವುದೂ ಕೆಲಸ ಮಾಡಲ್ಲ, ವೈದ್ಯರು ಹಲ್ಲು ನೋಡಬೇಕು. ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಕೂತಿದ್ರೂ ಬೆಳಗಾಗಲಿ ಅಂತ ಕಾಯಬೇಡಿ. ಗೊಬ್ಬರ ನೋಡೋ ಕಣ್ಣು ನಮಗೆ ಇದ್ದೇ ಇದೆಯಲ್ಲ, ದಿನಾ ಹಿಕ್ಕೆ ನೋಡಿ: ದುಂಡಗೆ, ಒಂದೇ ಗಾತ್ರದಲ್ಲಿ, ಹುಲ್ಲಿನ ನಾರು ಕಾಣೋ ಹಾಗಿದ್ರೆ ಸರಿ.

ಗಂಟಲಿಗೆ ಸಿಕ್ಕಿದ್ರೆ

ತಲೆ ಮೇಲಕ್ಕೆತ್ತಿ ಕತ್ತು ಚಾಚುತ್ತೆ, ಜೊಲ್ಲು ಸುರಿಸುತ್ತೆ, ಮೂಗಿಂದ ಗೊರಗೊರ ಸದ್ದು ಬರುತ್ತೆ. ನೀರು ಕುಡಿಸ್ಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತೆ. ಬಾಯಲ್ಲಿ ಚೂರು ಕಂಡ್ರೆ ಮಾತ್ರ ತೆಗೀರಿ, ಕಾಣದೆ ಬೆರಳು ತುರುಕಿದ್ರೆ ಇನ್ನೂ ಒಳಕ್ಕೆ ಹೋಗುತ್ತೆ. ಉಸಿರು ಓಡಾಡ್ತಿದ್ರೆ ಕೆಳಗೆ ಬಿಟ್ಟು, ಸದ್ದು ಮಾಡದೆ ಪಕ್ಕದಲ್ಲೇ ಇರಿ. ಎಷ್ಟೋ ಸಲ ತಾನೇ ಸರಿಪಡಿಸಿಕೊಳ್ಳುತ್ತೆ. ಉಸಿರು ಕಟ್ಟಿ, ವಸಡು ನೀಲಿಯಾಗ್ತಿದ್ರೆ ಮೊಲವನ್ನ ಮುಂಗೈ ಮೇಲೆ ಉದ್ದಕ್ಕೆ ಮಲಗಿಸಿ, ಇನ್ನೊಂದು ಕೈಯಿಂದ ತಲೆ, ಕತ್ತು, ಬೆನ್ನು ಒಟ್ಟಿಗೆ ಬಿಗಿಯಾಗಿ ಹಿಡಿದು, ತಲೆ ಕೆಳಕ್ಕೆ ಬರೋ ಹಾಗೆ ಬಾಗಿಸಿ, ವೈದ್ಯರ ಕಡೆ ಹೊರಡಿ. ಬೆನ್ನು ಬಿಟ್ಟು ಹಿಡಿದ್ರೆ ಒದ್ದಾಡೋವಾಗ ಬೆನ್ನುಮೂಳೆಯೇ ಮುರಿಯಬಹುದು. ಮೊಲ ನೋಡೋ ವೈದ್ಯರು ಹತ್ತಿರ ಯಾರಿದ್ದಾರೆ ಅನ್ನೋದನ್ನ ಇವತ್ತೇ ವಿಚಾರಿಸಿ ನಂಬರ್ ಸೇವ್ ಮಾಡ್ಕೊಳ್ಳಿ.

ಸರಿಹೋಯ್ತು ಅನಿಸಿದ ಮೇಲೂ ಎರಡು ಮೂರು ದಿನ ಕಣ್ಣಿಟ್ಟಿರಿ. ಮೂಗು ಸೋರೋದು, ಉಸಿರು ಭಾರವಾಗೋದು, ಮಂಕಾಗೋದು ಕಂಡ್ರೆ ಆಹಾರದ ಚೂರು ಶ್ವಾಸಕೋಶ ಸೇರಿರಬಹುದು. ಆಗ ಮೆಡಿಕಲ್ ಅಂಗಡಿಯಿಂದ ಅಮಾಕ್ಸಿಸಿಲಿನ್ ತಂದು ಬಾಯಿಗೆ ಹಾಕೋ ಸಾಹಸ ಮಾತ್ರ ಮಾಡ್ಬೇಡಿ. ನಮಗೆ ಕೆಮ್ಮಿಗೆ ಕೊಡೋ ಆ ಔಷಧಿ ಬಾಯಿಂದ ಹೋದ್ರೆ ಮೊಲದ ಕರುಳಿನ ಒಳ್ಳೆ ಸೂಕ್ಷ್ಮಾಣುಗಳು ಸತ್ತು, ಮೊಲದ ಜೀವಕ್ಕೇ ಕುತ್ತು ಬರುತ್ತೆ.