ಆಟದ ಊರಿನ ದಾರಿಗಳು

ಊರು ಕಟ್ಟುವವನು ಮೊದಲು ಹಾಕಬೇಕಾದದ್ದು ದಾರಿ. ಮನೆಗಳು ಬೀಳುತ್ತವೆ, ಮತ್ತೆ ಏಳುತ್ತವೆ. ಅಂಗಡಿಗಳ ಒಡೆಯರು ಬದಲಾಗುತ್ತಾರೆ. ಆದರೆ ಒಮ್ಮೆ ಬಿದ್ದ ದಾರಿ ತಲೆಮಾರುಗಳು ಕಳೆದರೂ ತನ್ನ ಜಾಗವನ್ನು ಬಿಟ್ಟುಕೊಡುವುದಿಲ್ಲ. ಈ ಮಾತಿನ ನಿಜವನ್ನು ಕಣ್ಣೆದುರಿಗೆ ನಡೆಸಿ ತೋರಿಸುವ ಒಂದು ಆಟದ ವಿಚಾರವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ. ಅದು ಕಂಪ್ಯೂಟರಿನ ತೆರೆಯ ಮೇಲೆ ಆಡುವ ಆಟ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೂ ಅದಕ್ಕೂ ಏನು ನಂಟು ಎಂದು ಕೆಲವರು ಕೇಳಿಯಾರು. ನಮ್ಮ ಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿ ಪುರವರ್ಣನೆಯೂ ಒಂದಷ್ಟೆ. ಅಲ್ಲಿ ಕೋಟೆ ಬರುತ್ತದೆ, ಕಂದಕ ಬರುತ್ತದೆ, ಗೋಪುರ, ಉದ್ಯಾನ, ಅಂಗಡಿಬೀದಿಗಳು ಬರುತ್ತವೆ. ಆದರೆ ಕಸ ಹೊರುವ ಬಂಡಿ ಯಾವ ದಾರಿಯಿಂದ ಊರಾಚೆ ಹೋಗುತ್ತಿತ್ತು ಎಂಬುದನ್ನು ಕವಿ ಹೇಳುವುದಿಲ್ಲ. ಈ ಆಟ ಕೇಳುವ ಮೊದಲ ಪ್ರಶ್ನೆಯೇ ಅದು.

ಆಟದ ಹುಟ್ಟಿನ ಕಥೆ ಸ್ವಾರಸ್ಯವಾದದ್ದು. ಅಮೆರಿಕದ ವಿಲ್ ರೈಟ್ ಎಂಬಾತ 1984ರಲ್ಲಿ, ಹೆಲಿಕಾಪ್ಟರಿನಿಂದ ದ್ವೀಪಗಳ ಮೇಲೆ ಬಾಂಬು ಹಾಕುವ ಒಂದು ಆಟವನ್ನು ರಚಿಸಿದ. ಆ ದ್ವೀಪಗಳಲ್ಲಿ ರಸ್ತೆ, ಕಾರ್ಖಾನೆಗಳನ್ನು ಜೋಡಿಸುತ್ತಿದ್ದಾಗ, ಕೆಡಹುವುದಕ್ಕಿಂತ ಕಟ್ಟುವುದರಲ್ಲೇ ಹೆಚ್ಚಿನ ಸುಖವಿದೆಯೆಂದು ಅವನಿಗೆ ಹೊಳೆಯಿತು. ಜೇ ಫಾರೆಸ್ಟರ್ ಎಂಬ ವಿದ್ವಾಂಸರು 1969ರಲ್ಲಿ ಪ್ರಕಟಿಸಿದ, ನಗರದ ಏಳುಬೀಳುಗಳನ್ನು ಗಣಿತದ ಸೂತ್ರಗಳಲ್ಲಿ ಹಿಡಿಯಲೆಳಸಿದ ಗ್ರಂಥವನ್ನೂ ಅವನು ಓದಿಕೊಂಡ. ಇವೆರಡೂ ಸೇರಿ 1989ರಲ್ಲಿ ‘ಸಿಮ್‌ಸಿಟಿ’ ಹೊರಬಂತು. ಅದರಲ್ಲಿ ರಸ್ತೆಯ ಮೇಲೆ ಹರಿದಾಡುವ ವಾಹನಗಳು ದಟ್ಟಣೆಯ ಸೂಚನೆಗಾಗಿ ಬರೆದ ಚಿತ್ರ ಮಾತ್ರ. 2015ರಲ್ಲಿ ಫಿನ್‌ಲೆಂಡಿನ ಟ್ಯಾಂಪೆರೆ ನಗರದ ‘ಕೊಲೊಸಲ್ ಆರ್ಡರ್’ ಎಂಬ ಚಿಕ್ಕ ತಂಡ ‘ಸಿಟೀಸ್: ಸ್ಕೈಲೈನ್ಸ್’ ಎಂಬ ಆಟವನ್ನು ಹೊರತಂದಿತು. ಇಲ್ಲಿ ಒಂದೊಂದು ವಾಹನಕ್ಕೂ ಹೊರಟ ಸ್ಥಳವಿದೆ, ಸೇರಬೇಕಾದ ಸ್ಥಳವಿದೆ. ಒಬ್ಬೊಬ್ಬ ನಿವಾಸಿಗೂ ಹೆಸರಿದೆ, ಮನೆಯಿದೆ, ದುಡಿಮೆಯ ತಾಣವಿದೆ. ನಾನು ವಿವರಿಸುತ್ತಿರುವುದು ಈ ಆಟವನ್ನು. ಅದರಲ್ಲಿ ನಾನು ಕಟ್ಟಿದ ಊರಿಗೆ ‘ಹೊಳೆಯೂರು’ ಎಂದು ಹೆಸರಿಟ್ಟಿದ್ದೇನೆ.

ಆರಂಭದಲ್ಲಿ ನಮಗೆ ಸಿಗುವುದು ಹೆಚ್ಚುಕಡಿಮೆ ಎರಡು ಕಿಲೋಮೀಟರು ಉದ್ದ, ಅಷ್ಟೇ ಅಗಲದ ಬಯಲು. ಅಂಚಿನಲ್ಲಿ ಒಂದು ಹೆದ್ದಾರಿ. ಕೈಯಲ್ಲಿ ಅಲ್ಪ ಹಣ. ಹೊಳೆಯೂರಿಗೆ ಹೆಸರಿಗೆ ತಕ್ಕಂತೆ ನಡುವೆ ಒಂದು ಹೊಳೆಯೂ ಉಂಟು. ಹೆದ್ದಾರಿಯಿಂದ ಒಂದು ರಸ್ತೆಯನ್ನು ಎಳೆದ ಹೊರತು ಅಲ್ಲಿ ಏನೂ ನಡೆಯದು. ಮನೆಯನ್ನು ನಾವು ಕಟ್ಟುವುದಿಲ್ಲ. ರಸ್ತೆಯ ಇಕ್ಕೆಲದ ನೆಲವನ್ನು ವಾಸಕ್ಕೆ, ಅಂಗಡಿಗೆ, ಕಾರ್ಖಾನೆಗೆ ಎಂದು ಗುರುತು ಮಾಡಿ ಬಿಡುತ್ತೇವೆ. ಜನ ತಾವಾಗಿ ಬಂದು ನೆಲೆಸುತ್ತಾರೆ. ರಸ್ತೆಯಿಂದ ನಾಲ್ಕು ಮನೆ ಅಳತೆಯಾಚೆಗಿನ ನೆಲ ಎಷ್ಟೇ ಚೆನ್ನಾಗಿರಲಿ, ಬೀಳುಭೂಮಿಯೇ. ಹೆದ್ದಾರಿಯ ಬದಿಯಲ್ಲಂತೂ ಯಾರೂ ಮನೆ ಕಟ್ಟುವಂತಿಲ್ಲ. ದಾರಿ ಇದ್ದಲ್ಲಿ ಊರು ಎಂಬ ಗಾದೆಯಂಥ ಸತ್ಯ ಇಲ್ಲಿ ಆಟದ ನಿಯಮವೇ ಆಗಿದೆ.

ಈ ರಸ್ತೆಗಳನ್ನು ಮನಬಂದಂತೆ ಎಳೆದರೆ ಊರು ಬಹುಕಾಲ ನಿಲ್ಲದು. ನಗರಯೋಜಕರು ರಸ್ತೆಗಳಲ್ಲಿ ತರತಮವನ್ನು ಹೇಳುತ್ತಾರೆ. ಆ ಶಾಸ್ತ್ರವನ್ನು ಕನ್ನಡಿಗರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಅದು ನಮ್ಮ ಮಾತಿನಲ್ಲೇ ಇದೆ. ಸಂದಿ, ಓಣಿ, ಬೀದಿ, ರಾಜಬೀದಿ, ಹೆದ್ದಾರಿ — ಒಂದೊಂದು ಹೆಸರೂ ಒಂದೊಂದು ಕೆಲಸವನ್ನು ಹೇಳುತ್ತದೆ. ಓಣಿ ಇರುವುದು ಮನೆ ಮುಟ್ಟಲು. ಅಲ್ಲಿ ಗಾಡಿ ನಿಲ್ಲಬೇಕು, ಮಕ್ಕಳು ಆಡಬೇಕು. ಹಿರಿದಾದ ದಾರಿ ಹೆದ್ದಾರಿ. ಅಲ್ಲಿ ಯಾರೂ ನಿಲ್ಲಬಾರದು, ಸಾಗಬೇಕು. ನಡುವಿನ ಬೀದಿಗಳು ಓಣಿಗಳಿಂದ ಬಂದುದನ್ನು ಒಟ್ಟುಗೂಡಿಸಿ ದೊಡ್ಡ ದಾರಿಗೆ ಒಪ್ಪಿಸಬೇಕು. ಹಳ್ಳಗಳು ತೊರೆಗೆ, ತೊರೆಗಳು ಹೊಳೆಗೆ ಸೇರುವ ಹಾಗೆ. ಓಣಿಯನ್ನೇ ತಂದು ಹೆದ್ದಾರಿಗೆ ಕೂಡಿಸಿದರೆ ಎರಡೂ ಕೆಡುತ್ತವೆ: ಹೆದ್ದಾರಿಯ ಓಟ ನಿಲ್ಲುತ್ತದೆ, ಓಣಿಯ ನೆಮ್ಮದಿ ಹೋಗುತ್ತದೆ. ಈ ಪಟ್ಟಿಯಲ್ಲಿ ಕೇರಿ ಎಂಬ ಮಾತನ್ನು ಬೇಕೆಂದೇ ಸೇರಿಸಲಿಲ್ಲ. ಅದು ದಾರಿಯ ಅಗಲವನ್ನು ಹೇಳುವ ಮಾತಲ್ಲ. ಯಾರು ಎಲ್ಲಿರಬೇಕೆಂದು ಗೆರೆ ಕೊಯ್ದಿಟ್ಟ ಕಟ್ಟಳೆಯನ್ನು ಹೇಳುವ ಮಾತು. ದಾರಿ ಹಾಕುವವನು ಯಾರಿಗೆ ಯಾರು ಹತ್ತಿರ, ಯಾರಿಗೆ ಯಾರು ದೂರ ಎಂಬುದನ್ನು ಕೂಡ ತೀರ್ಮಾನಿಸುತ್ತಿರುತ್ತಾನೆಂದು ಅದು ನೆನಪಿಸುತ್ತದೆ.

ಇನ್ನು ಸೇತುವೆ. ‘ಸೇತು’ ಎಂಬುದು ಕಟ್ಟು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ಶಬ್ದ. ಅದಕ್ಕೆ ದಡಗಳನ್ನು ಕೂಡಿಸುವ ಸಂಕ ಎಂಬ ಅರ್ಥ ಇರುವಂತೆಯೇ ನೀರನ್ನು ತಡೆಯುವ ಕಟ್ಟೆ ಎಂಬ ಅರ್ಥವೂ ಇದೆ. ಕೂಡಿಸುವುದು, ತಡೆಯುವುದು ಎರಡಕ್ಕೂ ಒಂದೇ ಪದ ಹೇಗೆ ಸಲ್ಲುತ್ತದೆ ಎಂಬುದು ಹೊಳೆಯೂರಿನಲ್ಲಿ ವಿಶದವಾಗುತ್ತದೆ. ಆಚೆ ದಡದಲ್ಲಿ ಕಾರ್ಖಾನೆ, ಈಚೆ ದಡದಲ್ಲಿ ಮನೆ. ಮಾಲಿನ್ಯದಿಂದ ಜನಕ್ಕೆ ಕಾಯಿಲೆಯಾಗುವುದರಿಂದ ಹೀಗೆ ಬೇರೆಯಿಡುವುದು ಆಟದಲ್ಲಿ ವಿವೇಕವೇ ಸರಿ. ನೆಲದ ರಸ್ತೆಗಿಂತ ಸೇತುವೆ ದುಬಾರಿ. ಆದ್ದರಿಂದ ಮೊದಮೊದಲು ಒಂದೇ ಸೇತುವೆ. ದುಡಿಯಲು ಹೋಗುವವರು, ಸರಕಿನ ಲಾರಿಗಳು, ಕಸದ ಗಾಡಿ, ಬೆಂಕಿ ಆರಿಸುವ ಗಾಡಿ, ಕೊನೆಗೆ ಹೆಣ ಸಾಗಿಸುವ ಗಾಡಿ — ಎಲ್ಲವೂ ಅದರ ಮೇಲೆಯೇ. ಊರು ಬೆಳೆದಂತೆ ಸೇತುವೆ ತುಂಬುತ್ತದೆ. ಮೊದಲು ಅಂಗಡಿಗಳಿಗೆ ಸರಕು ಬರುವುದು ನಿಲ್ಲುತ್ತದೆ; ಆಮೇಲೆ ಮನೆಗಳ ಮುಂದೆ ಕಸ ಬೀಳುತ್ತದೆ; ಆಮೇಲೆ ಸತ್ತವರನ್ನು ಒಯ್ಯುವವರಿಲ್ಲದೆ ಮನೆಯ ಮೇಲೆ ತಲೆಬುರುಡೆಯ ಗುರುತು ಮೂಡುತ್ತದೆ. ಜನ ಮನೆ ಬಿಟ್ಟು ಹೊರಡುತ್ತಾರೆ. ಕೂಡಿಸಬೇಕಾದ ಸೇತು ಕಟ್ಟೆಯಾಯಿತು.

ಆಗ ಯಾರಿಗೇ ಆಗಲಿ ಹೊಳೆಯುವ ಪರಿಹಾರ, ಸೇತುವೆಯನ್ನು ಅಗಲ ಮಾಡುವುದು. ಆದರೆ ತೊಂದರೆ ಇರುವುದು ಬಹುಮಟ್ಟಿಗೆ ಸೇತುವೆಯ ತುದಿಗಳಲ್ಲಿ. ಲೆಕ್ಕ ಸರಳವಾಗಿದೆ. ತಡೆಯಿಲ್ಲದೆ ಓಡುವ ದಾರಿಯ ಒಂದು ಸಾಲಿನಲ್ಲಿ ಗಂಟೆಗೆ ಸುಮಾರು 2,000 ಕಾರುಗಳು ಸಾಗಬಲ್ಲವು. ಸೇತುವೆ ಇಳಿದ ಕೂಡಲೇ ನಾಲ್ಕು ದಾರಿ ಕೂಡುವ ಸ್ಥಳವೊಂದಿದ್ದು, ಅಲ್ಲಿ ಅರ್ಧ ಕಾಲ ಹಸಿರು ದೀಪ, ಅರ್ಧ ಕಾಲ ಕೆಂಪು ದೀಪವೆನ್ನಿ. ದಾಟುವುದು 1,000 ಮಾತ್ರ. ಬರುವುದು 2,000, ಹೋಗುವುದು 1,000 ಆದರೆ, ಹತ್ತು ನಿಮಿಷದಲ್ಲಿ 160ಕ್ಕೂ ಹೆಚ್ಚು ಕಾರುಗಳು ಉಳಿದವು. ಒಂದೊಂದಕ್ಕೆ ಏಳು ಮೀಟರಿನಂತೆ, ಸಾಲು ಒಂದು ಕಿಲೋಮೀಟರನ್ನು ಮೀರಿ, ಸೇತುವೆಯ ಮೇಲೆ ಹಾದು, ಆಚೆ ದಡದ ಕೂಡುರಸ್ತೆಯನ್ನೂ ಮುಚ್ಚುತ್ತದೆ. ಈಗ ಸೇತುವೆಯನ್ನು ಇಮ್ಮಡಿ ಅಗಲ ಮಾಡಿದರೂ ಕಾಯುವವರಿಗೆ ನಿಲ್ಲಲು ಜಾಗ ಹೆಚ್ಚೀತೇ ಹೊರತು ಅವರು ಬೇಗ ದಾಟಲಾರರು. ಸೇತುವೆ ಇಳಿದ ಮೇಲೆ ಮೊದಲ ಕೂಡುರಸ್ತೆಯನ್ನು ಸಾಕಷ್ಟು ದೂರ ಇಡುವುದು, ಇಳಿದವರು ಬೇರೆ ಬೇರೆ ಬೀದಿಗಳಿಗೆ ಹಂಚಿಹೋಗುವಂತೆ ಮಾಡುವುದು, ಎರಡನೆಯ ಸೇತುವೆಯನ್ನು ಮೊದಲನೆಯದರ ಪಕ್ಕದಲ್ಲಿ ಕಟ್ಟದೆ ಬಲು ದೂರದಲ್ಲಿ ಕಟ್ಟುವುದು — ಇವು ಕೆಲಸಕ್ಕೆ ಬರುವ ಉಪಾಯಗಳು.

ಊರನ್ನು ಹೀಗೆ ಕೂಡುಗಳೂ ಕೊಂಡಿಗಳೂ ಆಗಿ ನೋಡುವ ಬಗೆಯನ್ನು ಕಲಿಸಿದವನು ಗಣಿತಜ್ಞ ಆಯ್ಲರ್. ಪ್ರಶ್ಯದ ಕೋನಿಗ್ಸ್‌ಬರ್ಗ್ ನಗರದಲ್ಲಿ ಪ್ರೆಗೆಲ್ ನದಿಗೆ ಏಳು ಸೇತುವೆಗಳಿದ್ದವು. ಒಂದನ್ನೂ ಬಿಡದೆ, ಯಾವುದನ್ನೂ ಎರಡು ಸಲ ದಾಟದೆ ಊರು ಸುತ್ತಿ ಬರಬಹುದೇ ಎಂಬುದು ಅಲ್ಲಿಯ ಪ್ರಶ್ನೆ. 1736ರಲ್ಲಿ ಆಯ್ಲರ್, ಅದು ಸಾಧ್ಯವಿಲ್ಲವೆಂದು ಸಿದ್ಧಮಾಡಿದ. ಸೇತುವೆಯ ಉದ್ದಗಲಗಳನ್ನೆಲ್ಲ ಬದಿಗಿಟ್ಟು, ಯಾವ ನೆಲಕ್ಕೆ ಎಷ್ಟು ಸೇತುವೆ ಸೇರುತ್ತದೆ ಎಂಬುದನ್ನಷ್ಟೇ ಅವನು ಎಣಿಸಿದ: ಒಂದಕ್ಕೆ ಐದು, ಉಳಿದ ಮೂರಕ್ಕೆ ಮೂರು ಮೂರು. ಒಂದು ನೆಲಕ್ಕೆ ಬಂದವನು ಹೊರಟು ಹೋಗಲು ಮತ್ತೊಂದು ಸೇತುವೆ ಬೇಕು. ಆದ್ದರಿಂದ ಸಂಖ್ಯೆ ಬೆಸವಾದಲ್ಲಿ ಪ್ರಯಾಣ ಆರಂಭವಾಗಬೇಕು ಇಲ್ಲವೆ ಮುಗಿಯಬೇಕು. ನಾಲ್ಕೂ ನೆಲಗಳಲ್ಲಿ ಬೆಸವೇ ಇದ್ದರೆ ದಾರಿಯೆಲ್ಲಿ? ಕಂಪ್ಯೂಟರು ಹೊಳೆಯೂರನ್ನು ಕಾಣುವುದೂ ಇದೇ ಕಣ್ಣಿನಿಂದ. ನಮಗೆ ಮರ, ಮಾಡು, ನೀರಿನ ಮಿಂಚು ಕಾಣುವಲ್ಲಿ ಅದಕ್ಕೆ ಕಾಣುವುದು ಚುಕ್ಕೆಗಳು, ಅವನ್ನು ಕೂಡಿಸುವ ಗೆರೆಗಳು.

ಸೇತುವೆ ಹೆಚ್ಚಿದಷ್ಟೂ ಸುಖ ಹೆಚ್ಚುತ್ತದೆಯೇ? 1968ರಲ್ಲಿ ಜರ್ಮನಿಯ ಡೀಟ್ರಿಚ್ ಬ್ರೇಸ್ ಎಂಬ ಗಣಿತಜ್ಞರು ಇದಕ್ಕೆ ಒಂದು ವಿಚಿತ್ರವಾದ ಉತ್ತರ ಕೊಟ್ಟರು. ಬಾನುಲಿಯಲ್ಲಿ ನಕ್ಷೆಯನ್ನು ತೋರಿಸಲಾಗದು, ಮನಸ್ಸಿನಲ್ಲೇ ಬರೆದುಕೊಳ್ಳಿ. ಹೊಳೆಯ ಎರಡು ದಡಗಳ ಮೇಲೆ ಎರಡು ದಾರಿಗಳು; ಎರಡೂ ಮೇಲೂರಿನಿಂದ ಕೆಳಊರಿಗೆ ಹೋಗುತ್ತವೆ. ಎಡದ ದಾರಿಯ ಮೊದಲರ್ಧ ಇಕ್ಕಟ್ಟು, ಉಳಿದರ್ಧ ವಿಶಾಲ. ಬಲದ ದಾರಿ ಇದಕ್ಕೆ ತಿರುವುಮುರುವು. ವಿಶಾಲವಾದಲ್ಲಿ ಎಷ್ಟೇ ಜನರಿರಲಿ 45 ನಿಮಿಷ ಬೇಕು. ಇಕ್ಕಟ್ಟಾದಲ್ಲಿ ನೂರು ವಾಹನಕ್ಕೆ ಒಂದು ನಿಮಿಷದಂತೆ ಹೊತ್ತು ಏರುತ್ತದೆ. ಹೊರಟ ವಾಹನಗಳು 4,000. ದಾರಿಗೆ 2,000ದಂತೆ ಹಂಚಿಕೊಂಡರೆ 20ಕ್ಕೆ 45 ಸೇರಿ ಎಲ್ಲರಿಗೂ 65 ನಿಮಿಷ. ಈಗ ನಡುದಾರಿಯಲ್ಲಿ, ಎಡದಿಂದ ಬಲಕ್ಕೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ದಾಟಬಹುದಾದ ಸೇತುವೆಯೊಂದನ್ನು ಕಟ್ಟಿ. ಇಕ್ಕಟ್ಟಿನಲ್ಲಿ ಎಷ್ಟೇ ಜನ ಸೇರಿದರೂ 40 ನಿಮಿಷ ತಾನೇ, 45ಕ್ಕಿಂತ ಮೇಲಲ್ಲವೇ ಎಂದು ಪ್ರತಿಯೊಬ್ಬನೂ ಎಡದ ಇಕ್ಕಟ್ಟನ್ನು ಹಿಡಿದು, ಸೇತುವೆ ದಾಟಿ, ಬಲದ ಇಕ್ಕಟ್ಟಿಗೆ ನುಗ್ಗುತ್ತಾನೆ. ಎಲ್ಲರೂ ಹಾಗೆಯೇ ಮಾಡಿದಾಗ 40ಕ್ಕೆ 40 ಸೇರಿ 80 ನಿಮಿಷ. ಒಬ್ಬೊಬ್ಬನ ಆಯ್ಕೆಯೂ ಜಾಣತನದ್ದೇ. ಎಲ್ಲರ ಜಾಣತನ ಕೂಡಿದಾಗ ಎಲ್ಲರಿಗೂ ಕಾಲುಗಂಟೆ ನಷ್ಟ. ಒಬ್ಬನೇ ಹಳೆಯ ದಾರಿಗೆ ಮರಳಿದರೆ ಅವನಿಗೆ 85 ನಿಮಿಷ ಹಿಡಿಯುವುದರಿಂದ, ಮರಳುವ ಮನಸ್ಸೂ ಯಾರಿಗೂ ಬಾರದು.

ಇದು ಹಾಳೆಯ ಮೇಲಿನ ಲೆಕ್ಕವೆಂದು ತಳ್ಳಿಹಾಕುವಂತಿಲ್ಲ. ದಕ್ಷಿಣ ಕೊರಿಯದ ಸಿಯೋಲ್ ನಗರದಲ್ಲಿ ಚೊಂಗ್ಯೆಚೊನ್ ಎಂಬ ತೊರೆಯನ್ನು ಮುಚ್ಚಿ, ಅದರ ಮೇಲೆ ಕಂಬಗಳ ಹೆದ್ದಾರಿಯನ್ನು ಕಟ್ಟಿದ್ದರು. 2003ರಲ್ಲಿ ಆ ಹೆದ್ದಾರಿಯನ್ನು ಕೆಡವತೊಡಗಿ, 2005ರಲ್ಲಿ ತೊರೆಯನ್ನು ಜನರಿಗೆ ತೆರೆದುಕೊಟ್ಟರು. ನಗರದ ಸಂಚಾರವೇ ನಿಂತುಹೋಗುತ್ತದೆಂದು ಹೆದರಿದವರ ಭೀತಿ ನಿಜವಾಗಲಿಲ್ಲ. ಬಸ್ಸುಗಳ ವ್ಯವಸ್ಥೆಯನ್ನು ಅದೇ ಕಾಲದಲ್ಲಿ ಸುಧಾರಿಸಿದ್ದೂ ಅದಕ್ಕೆ ನೆರವಾಯಿತು. ಆಟದಲ್ಲಿಯೂ ಒಂದು ಕಾಲುಸಂಕವನ್ನು ಹಾಕಿ ನೋಡಿದರೆ ಜನ ಹಿಂಡುಹಿಂಡಾಗಿ ನಡೆದು ಹೊಳೆ ದಾಟುವುದನ್ನು ಕಾಣಬಹುದು. ಎಲ್ಲಕ್ಕಿಂತ ದೊಡ್ಡ ಮದ್ದು ಇನ್ನೊಂದಿದೆ: ಎರಡು ದಡಗಳಲ್ಲೂ ಶಾಲೆ, ಅಂಗಡಿ, ದುಡಿಮೆ ಇರುವಂತೆ ಮಾಡಿ, ದಾಟುವ ಅಗತ್ಯವನ್ನೇ ಕಡಿಮೆ ಮಾಡುವುದು.

ಇಷ್ಟನ್ನು ಕಲಿಸುವ ಆಟ ಕೆಲವನ್ನು ಮರೆಮಾಡುತ್ತದೆ. ಬಹಳ ಹೊತ್ತು ಸಿಕ್ಕಿಕೊಂಡ ವಾಹನ ಅಲ್ಲಿ ಮಾಯವಾಗಿಬಿಡುತ್ತದೆ. ನಮ್ಮ ಬೀದಿಗಳಲ್ಲಿ ಆ ಭಾಗ್ಯವಿಲ್ಲ. 2013ರ ‘ಸಿಮ್‌ಸಿಟಿ’ಯನ್ನು ರೂಪಿಸಿದವರು, ನಿಜವಾದ ನಗರಗಳಲ್ಲಿರುವಷ್ಟು ಕಾರು ನಿಲ್ಲಿಸುವ ಜಾಗವನ್ನು ತೋರಿಸಿದರೆ ಆಟವೇ ಬೇಸರವಾಗುತ್ತದೆಂದು ಅದನ್ನು ಕಾಣದಂತೆ ಬಿಟ್ಟರು. ಇವು ಆಟದ ಸೌಕರ್ಯಗಳು, ಕ್ಷಮಿಸಬಹುದು. ನನ್ನನ್ನು ತಡೆದು ನಿಲ್ಲಿಸುವ ಸಂಗತಿ ಬೇರೆ. ಹೊಸ ಸೇತುವೆಯ ದಾರಿಗೆ ಹತ್ತು ಮನೆ ಅಡ್ಡ ಬಂದರೆ ಬೆರಳಿನ ಒಂದು ಒತ್ತು ಸಾಕು, ಮನೆಗಳು ಧೂಳಾಗುತ್ತವೆ. ಪರಿಹಾರ ಕೊಡಬೇಕಾಗಿಲ್ಲ, ಯಾರೂ ಕೋರ್ಟಿಗೆ ಹೋಗುವುದಿಲ್ಲ. ಆದರೆ ಆ ಮನೆಯವರಿಗೆಲ್ಲ ಇದೇ ಆಟ ಹೆಸರು ಕೊಟ್ಟಿತ್ತಲ್ಲವೇ!

ನ್ಯೂಯಾರ್ಕಿನಲ್ಲಿ ರಾಬರ್ಟ್ ಮೋಸೆಸ್ ಎಂಬ ಅಧಿಕಾರಿ 1948ರಿಂದಾಚೆಗೆ ಬ್ರಾಂಕ್ಸ್ ಪ್ರದೇಶವನ್ನು ಸೀಳಿಕೊಂಡು ಹೋಗುವ ಹೆದ್ದಾರಿಯನ್ನು ಹಾಕಿಸಿದಾಗ, ಅದರ ಒಂದೇ ಒಂದು ಮೈಲಿಯಲ್ಲಿ ಸುಮಾರು 1,500 ಕುಟುಂಬಗಳು ಮನೆ ಕಳೆದುಕೊಂಡವು. ಅಂಥವರನ್ನು ಕನ್ನಡದಲ್ಲಿ ಬೀದಿಪಾಲಾದವರು ಎನ್ನುತ್ತೇವೆ. ಬೀದಿಗಾಗಿಯೇ ಬೀದಿಪಾಲಾಗುವವರ ಸ್ಥಿತಿಗೆ ಈ ನುಡಿಯೂ ಸಾಲದು. ನಮ್ಮ ದೇಶದಲ್ಲಿ 1894ರ ಹಳೆಯ ಭೂಸ್ವಾಧೀನ ಕಾಯಿದೆಯ ಸ್ಥಾನದಲ್ಲಿ 2013ರ ಕಾಯಿದೆ ಬಂದು, ನೆಲ ತೆಗೆದುಕೊಳ್ಳುವ ಮುನ್ನ ಅದರಿಂದ ಜನಜೀವನದ ಮೇಲಾಗುವ ಪರಿಣಾಮವನ್ನು ಅಳೆಯಬೇಕೆಂದು ವಿಧಿಸಿತು. ಗೆರೆ ಎಳೆಯುವ ಕೈ ಒಂದು ಕ್ಷಣ ನಿಂತು ಯೋಚಿಸಲಿ ಎಂಬುದೇ ಅದರ ಹಿಂದಿರುವ ಆಶಯ.

ಹೊಳೆಯೂರಿನಲ್ಲಿ ಅಂಥ ಕಾಯಿದೆಯಿಲ್ಲ. ಅಲ್ಲಿ ಆ ಕಾಯಿದೆಯನ್ನು ಆಟಗಾರನೇ ತನಗೆ ತಾನು ಮಾಡಿಕೊಳ್ಳಬೇಕು. ಹೊಸ ದಾರಿಯನ್ನು ಎಳೆಯುವ ಮುನ್ನ ಅದರ ಕೆಳಗೆ ಬರುವ ಒಂದು ಮನೆಯಿಂದ ಹೊರಬರುವವರ ಮೇಲೆ ಬೆರಳೊತ್ತಿದರೆ ಅವರ ಹೆಸರುಗಳು ತೆರೆಯ ಮೇಲೆ ಮೂಡುತ್ತವೆ. ಅವನ್ನು ಓದಿದ ಮೇಲೆಯೂ ಆ ಗೆರೆ ನೇರವಾಗಿಯೇ ಹೋಗಬೇಕೆನಿಸಿದರೆ ಹೋಗಲಿ. ತುಸು ಬಳಸಿದರೂ ಸೇತುವೆ ಹೊಳೆಯನ್ನು ದಾಟಿಯೇ ದಾಟುತ್ತದೆ.