ಚಂದ್ರಯಾನದ ಅಪಜಯವೂ ಲೆವಿನ್ನನ ಮೂರು ಮೆಟ್ಟಿಲುಗಳೂ

ಸಂಸ್ಥೆಗಳ ನಡವಳಿಕೆ ಮಾರ್ಪಡುವ ಬಗೆಯನ್ನು ಮನಃಶಾಸ್ತ್ರಜ್ಞನಾದ ಕುರ್ಟ್ ಲೆವಿನ್ನನು 1947ರಲ್ಲಿ ಹೆಪ್ಪು ಕರಗುವುದು, ಕದಲುವುದು, ಮರಳಿ ಹೆಪ್ಪುಗಟ್ಟುವುದು ಎಂದು ಮೂರಾಗಿ ವಿಂಗಡಿಸಿದನು. ಬೆಂಗಳೂರಿನ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವುಂಟು.

2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಇಳಿನೌಕೆಯಾದ ವಿಕ್ರಮವು ಚಂದ್ರತಲಕ್ಕೆ ಅಪ್ಪಳಿಸಿತು. ಎಂಜಿನುಗಳ ನೂಕುಬಲವು ಎಣಿಸಿದುದಕ್ಕಿಂತ ಹೆಚ್ಚಾಗಿ ತಪ್ಪುಗಳು ಕೂಡುತ್ತ ಬಂದವು. ಬೇಗನೆ ಹೊರಳಿ ತಿದ್ದಿಕೊಳ್ಳುವ ಶಕ್ತಿ ನೌಕೆಗಿರಲಿಲ್ಲ. ಇಳಿಯಲು ಗೊತ್ತುಮಾಡಿದ್ದ ನೆಲವೋ 500 ಮೀಟರ್ ಚೌಕ ಮಾತ್ರ. ಪರೀಕ್ಷೆಗಳೇ ನಡೆದಿರಲಿಲ್ಲವೆನ್ನಲಾಗದು. ಶಿರಾ, ಪಾವಗಡಗಳ ವಾಯವ್ಯಕ್ಕಿರುವ ಚಳ್ಳಕೆರೆಯ ಕಾವಲಿನಲ್ಲಿ ಚಂದ್ರನಲ್ಲಿರುವಂತಹ ಕುಳಿಗಳನ್ನು ತೋಡಿ, 2016ರಲ್ಲಿಯೇ ನೌಕೆಯ ಸಾಧನಗಳನ್ನು ಪರೀಕ್ಷಿಸಿದ್ದರು. ಹೆಪ್ಪುಗಟ್ಟಿದ್ದುದು ಪರೀಕ್ಷಕರ ಪ್ರಶ್ನೆ. ಎಲ್ಲವೂ ನೆಟ್ಟಗಿದ್ದರೆ ನೌಕೆ ಹೇಗಿಳಿದೀತೆಂದು ಕೇಳುತ್ತಿದ್ದವರು, ಏನೇನು ಕೆಟ್ಟರೂ ಹೇಗಿಳಿದೀತೆಂದು ಕೇಳತೊಡಗಿದರು. ಆಗ ಅಧ್ಯಕ್ಷರಾಗಿದ್ದ ಎಸ್. ಸೋಮನಾಥರು ಇದನ್ನು ಸೋಲನ್ನೇ ಆಧಾರವಾಗುಳ್ಳ ವಿನ್ಯಾಸವೆಂದು ವರ್ಣಿಸಿದರು. ನಡುವಣ ಎಂಜಿನು ಹೋಯಿತು, ಕಾಲುಗಳು ಬಲಗೊಂಡವು, ಇಂಧನ ಹೆಚ್ಚಿತು, ಇಳಿನೆಲವು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು.

ಮೂರನೆಯ ಮೆಟ್ಟಿಲಿನಲ್ಲಿ ಲೆವಿನ್ನನ ಉಪಮೆ ತೊಡಕಾಗುತ್ತದೆ. ಸಂದೇಹಿಸುವ ರೂಢಿಯೂ ಹೆಪ್ಪುಗಟ್ಟಿದರೆ ಸಂದೇಹವಾಗಿ ಉಳಿಯದು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಸುಗಮವಾಗಿ ಇಳಿದುದು ಎರಡನೆಯ ಮೆಟ್ಟಿಲಿಗೆ ಮಾತ್ರ ಸಾಕ್ಷಿ.