ಡ್ರೈವರುಗಳಲ್ಲಿ ವ್ಯರ್ಥಸಂಕೇತಗಳ ಪರಿಹಾರ

ಬೇರೆ ಪ್ರಮಾಣದಿಂದ ತಿಳಿಯದುದನ್ನು ತಿಳಿಸುವ ವಾಕ್ಯವು ವಿಧಿ. ಮೊದಲೇ ಪ್ರಾಪ್ತವಾದುದನ್ನು ಪುನಃ ಹೇಳುವುದು ಅನುವಾದ. ಮೀಮಾಂಸಕರು ಹೇಳಿರುವ ಈ ಭೇದವು ಗಣಕಯಂತ್ರಗಳಿಗಾಗಿ ರಚಿತವಾಗುವ ಗ್ರಂಥಗಳಲ್ಲಿಯೂ ಉಪಯುಕ್ತವೆಂಬುದಕ್ಕೆ ಲಿನಕ್ಸ್ ಕರ್ನೆಲಿನ ಡ್ರೈವರುಗಳು ನಿದರ್ಶನವಾಗಿವೆ.

ಡ್ರೈವರೆಂದರೆ ಯಂತ್ರಕ್ಕೆ ಜೋಡಿಸಿದ ಉಪಕರಣಗಳನ್ನು ನಡೆಸುವ ಪ್ರೋಗ್ರಾಮು. ಉಪಕರಣದ ಮೆಮೊರಿಯನ್ನು ಬಳಕೆದಾರನ ಪ್ರೋಗ್ರಾಮು ನೇರವಾಗಿ ಓದಿ ಬರೆಯಬೇಕಾದಾಗ, ಡ್ರೈವರು ಅದನ್ನು ಆ ಪ್ರೋಗ್ರಾಮಿನ ವಿಳಾಸಗಳ ಒಂದು ಭಾಗಕ್ಕೆ ಹೊಂದಿಸಿಕೊಡುತ್ತದೆ. ಇದೇ ಮೆಮೊರಿ ಮ್ಯಾಪಿಂಗ್. ಆ ಭಾಗದ ಸ್ವಭಾವವನ್ನು ತಿಳಿಸುವ ಸಂಕೇತಗಳಿಗೆ ಫ್ಲಾಗುಗಳೆಂದು ಹೆಸರು. ಇದು ಉಪಕರಣದ ಮೆಮೊರಿಯೆಂದು ‘ವಿಎಂ_ಐಓ’ ತಿಳಿಸುತ್ತದೆ. ಇದನ್ನು ವಿಸ್ತರಿಸಬಾರದೆಂದು ‘ವಿಎಂ_ಡೋಂಟ್‌ಎಕ್ಸ್‌ಪಾಂಡ್’. ಪ್ರೋಗ್ರಾಮು ಕುಸಿದಾಗ ಉಳಿಸಿಡುವ ಮೆಮೊರಿಯ ಪ್ರತಿಯಲ್ಲಿ ಇದನ್ನು ಸೇರಿಸಬಾರದೆಂದು ‘ವಿಎಂ_ಡೋಂಟ್‌ಡಂಪ್’.

2001ರಲ್ಲಿ ಹೊರಟ 2.4ನೆಯ ಕರ್ನೆಲಿನಲ್ಲಿ ‘ವಿಎಂ_ರಿಸರ್ವ್ಡ್’ ಎಂಬ ಮತ್ತೊಂದು ಸಂಕೇತಕ್ಕೆ ಸ್ಪಷ್ಟವಾದ ಅರ್ಥವಿದ್ದಿತು. ಮೆಮೊರಿ ಸಾಲದೆ ಬಂದಾಗ ಕರ್ನೆಲು ಒಂದೊಂದು ಪ್ರೋಗ್ರಾಮಿನ ಭಾಗಗಳನ್ನೂ ಶೋಧಿಸಿ ಪುಟಗಳನ್ನು ಡಿಸ್ಕಿಗೆ ಸಾಗಿಸುತ್ತಿದ್ದಿತು. ಈ ಸಂಕೇತವುಳ್ಳ ಭಾಗವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮುಂದೆ ಶೋಧನಕ್ರಮವೇ ಬದಲಾಗಿ ಆ ಮೂಲಾರ್ಥವು ಲೋಪವಾಯಿತು. ಅರ್ಥವು ಹೋದರೂ ಪದವು ಹೋಗಲಿಲ್ಲ; ಒಂದು ಡ್ರೈವರಿನಿಂದ ಮತ್ತೊಂದಕ್ಕೆ ಅದು ನಕಲಾಗುತ್ತಲೇ ಬಂದಿತು.

2012ರ ಡಿಸೆಂಬರಿನಲ್ಲಿ ಹೊರಟ 3.7ನೆಯ ಕರ್ನೆಲಿನಲ್ಲಿ ಈ ಸಂಕೇತವನ್ನು ಸಂಪೂರ್ಣವಾಗಿ ತೆಗೆದುಹಾಕಲಾಯಿತು. ಉಪಕರಣದ ಮೆಮೊರಿಯನ್ನು ಹೊಂದಿಸಿಕೊಡುವ ‘ರೀಮ್ಯಾಪ್_ಪಿಎಫ್‌ಎನ್_ರೇಂಜ್’ ಎಂಬ ಕಾರ್ಯವು ಮೇಲೆ ಹೇಳಿದ ಮೂರು ಸಂಕೇತಗಳನ್ನೂ ತಾನೇ ಇಡುವುದರಿಂದ, ಅದನ್ನು ಕರೆಯುವ ಡ್ರೈವರು ಅವುಗಳನ್ನು ಪುನಃ ಇಡುವುದು ಕೇವಲ ಅನುವಾದವಾಗುತ್ತದೆ.

ಅನುವಾದದಿಂದ ಯಂತ್ರಕ್ಕೆ ಹಾನಿಯಿಲ್ಲವಷ್ಟೆ, ಅದನ್ನು ತೆಗೆಯುವ ಶ್ರಮವೇಕೆ ಎಂದು ಶಂಕಿಸಬಹುದು. ಹಾನಿಯು ಯಂತ್ರಕ್ಕಲ್ಲ, ಓದುವವನಿಗೆ. ಸೂತ್ರದಲ್ಲಿ ಒಂದು ಪದವು ವ್ಯರ್ಥವೆಂದು ತೋರಿದರೆ ವೈಯಾಕರಣರು ಅದನ್ನು ಯಾವುದೋ ನಿಯಮಕ್ಕೆ ಜ್ಞಾಪಕವೆಂದು ಗ್ರಹಿಸುತ್ತಾರೆ. ಡ್ರೈವರನ್ನು ಓದುವವನೂ ಹಾಗೆಯೇ, ಇಲ್ಲಿ ಈ ಸಂಕೇತವನ್ನು ಬರೆದಿರುವುದಕ್ಕೆ ಗೂಢವಾದ ಕಾರಣವಿರಬೇಕೆಂದು ಊಹಿಸಿ, ಇಲ್ಲದ ನಿಯಮವನ್ನು ಕಲ್ಪಿಸಿಕೊಂಡು, ತನ್ನ ಗ್ರಂಥದಲ್ಲಿಯೂ ಅದನ್ನೇ ಬರೆಯುತ್ತಾನೆ.

ಆದರೆ ಒಂದೇ ಪದವು ಒಂದೆಡೆ ಅನುವಾದವಾಗಿಯೂ ಮತ್ತೊಂದೆಡೆ ವಿಧಿಯಾಗಿಯೂ ಇರಬಹುದು. ಕೆಲವು ಡ್ರೈವರುಗಳು ಮೆಮೊರಿಯನ್ನು ಒಮ್ಮೆಗೇ ಹೊಂದಿಸದೆ, ಪ್ರೋಗ್ರಾಮು ಅಪೇಕ್ಷಿಸಿದಾಗ ಒಂದೊಂದು ಪುಟವನ್ನಾಗಿ ಒದಗಿಸುತ್ತವೆ. ಅಲ್ಲಿ ಮೇಲಿನ ಕಾರ್ಯದ ಕರೆಯಿಲ್ಲ. ಆದುದರಿಂದ ವಿಸ್ತರಣನಿಷೇಧವು ತಾನಾಗಿ ಪ್ರಾಪ್ತವಾಗುವುದಿಲ್ಲ. ಸಾದೃಶ್ಯಮಾತ್ರದಿಂದ ಅಲ್ಲಿಯೂ ‘ವಿಎಂ_ಡೋಂಟ್‌ಎಕ್ಸ್‌ಪಾಂಡ್’ ಸಂಕೇತವನ್ನು ತೆಗೆದರೆ, ಪ್ರೋಗ್ರಾಮು ತನ್ನ ಭಾಗವನ್ನು ಹಿಗ್ಗಿಸಿಕೊಂಡು ಉಪಕರಣದ ಮೆಮೊರಿಯ ಎಲ್ಲೆಯಾಚೆಗಿನ ಪುಟವನ್ನು ಕೇಳಬಹುದು. ಡ್ರೈವರು ಎಲ್ಲೆಯನ್ನು ಪರೀಕ್ಷಿಸದಿದ್ದರೆ ಅನ್ಯರ ಮೆಮೊರಿಯೇ ಬಯಲಾದೀತು.

ಆದಕಾರಣ ಪದವನ್ನು ತೆಗೆಯುವುದಕ್ಕೆ ಮುಂಚೆ ಅದರ ಅರ್ಥವು ಬೇರೆಡೆಯಿಂದ ಪ್ರಾಪ್ತವಾಗಿದೆಯೆಂಬುದನ್ನು ಪ್ರತಿಯೊಂದು ಡ್ರೈವರಿನಲ್ಲಿಯೂ ಪ್ರತ್ಯೇಕವಾಗಿ ನಿಶ್ಚಯಿಸಬೇಕು. ಲಾಘವವು ಗುಣವೇ ಸರಿ; ಪ್ರಾಪ್ತಿಯನ್ನು ವಿಚಾರಿಸದೆ ಮಾಡಿದ ಲಾಘವವು ಮಾತ್ರ ಗ್ರಂಥಲೋಪವೆನಿಸುವುದು.